ಹೆರಿಗೆಗೆ ಎಷ್ಟು ದೂರ, ನಿದ್ದೆಗೆ ಎಷ್ಟು ಹತ್ತಿರ

ಏಳು ತಿಂಗಳು ತುಂಬಿ ಸೀಮಂತದ ಬಳೆ ಕೈಗೇರುವ ಹೊತ್ತಿಗೆ ಬಸುರಿಯ ಮನೆಯಲ್ಲಿ ಎರಡು ಪ್ರಶ್ನೆಗಳು ಬಂದು ಕೂರುತ್ತವೆ. ಹೆರಿಗೆ ಎಲ್ಲಿ? ಮಗುವನ್ನು ಮಲಗಿಸುವುದು ಎಲ್ಲಿ? ಮೊದಲನೆಯದಕ್ಕೆ ಹಿರಿಯರು ಆಸ್ಪತ್ರೆ ಎನ್ನುತ್ತಾರೆ, ಮೊಬೈಲಿನ ವಿಡಿಯೋಗಳು ಮನೆ ಎನ್ನುತ್ತವೆ. ಎರಡನೆಯದಕ್ಕೆ ಎಲ್ಲವೂ ತಿರುವುಮುರುವು. ಹಿರಿಯರು ತಾಯಿಯ ಮಗ್ಗುಲು ಎನ್ನುತ್ತಾರೆ, ವಿಡಿಯೋಗಳು ಬೇರೆ ಮಂಚ, ಬೇರೆ ಕೋಣೆ ಎನ್ನುತ್ತವೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಫೋನಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದಳು. "ದೊಡ್ಡಮ್ಮ, ಮನೆಯಲ್ಲೇ ಹೆರುತ್ತೇನೆ, ಮಗುವಿಗೆ ಬೇರೆ ಕೋಣೆ ಮಾಡಿಸುತ್ತಿದ್ದೇನೆ" ಎಂದಳು. ಎರಡೂ ತಪ್ಪು ದಿಕ್ಕು ಎಂದು ನನಗೆ ಅನಿಸಿತು. ಯಾಕೆ ಎಂಬುದನ್ನು ಅವಳಿಗೆ ಹೇಳಲು ಒಂದು ವಾರ ಹಿಡಿಯಿತು.

ನಾನು ವೈದ್ಯೆಯಲ್ಲ. ಎರಡು ಹೆತ್ತವಳು, ನಾಲ್ಕಾರು ಬಾಣಂತನ ಮಾಡಿದವಳು, ಸಿಕ್ಕಿದ್ದನ್ನು ಓದುವ ಚಟವಿರುವವಳು. ನಿಮ್ಮ ರಕ್ತದೊತ್ತಡ, ಸ್ಕ್ಯಾನಿಂಗ್ ವರದಿ ನೋಡಿದ ವೈದ್ಯರ ಮಾತು ನನ್ನ ಮಾತಿಗಿಂತ ಮೇಲು. ಆದರೆ ಆಯ್ಕೆಗಳನ್ನು ಅಳೆಯಲು ನನ್ನ ಬಳಿ ಒಂದು ಕೋಲಿದೆ, ಎರಡೂ ಪ್ರಶ್ನೆಗೆ ಅದೇ ಸಾಕು: ಕೆಟ್ಟ ಗಳಿಗೆ ಬಂದರೆ, ಕಾಪಾಡುವ ಕೈ ಎಷ್ಟು ದೂರದಲ್ಲಿದೆ?

ಕತ್ತಲೆ ಕೋಣೆ ಮತ್ತು ಲಾಂಚ್

ಅಮ್ಮ ಹೆತ್ತದ್ದು ಐವರನ್ನು. ಐದೂ ಮನೆಯಲ್ಲೇ, ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ದಡದ ಹಳ್ಳಿಯಲ್ಲಿ, ಬಚ್ಚಲಿಗೆ ತಾಗಿದ ಕತ್ತಲೆ ಕೋಣೆಯಲ್ಲಿ. ಉಳಿದದ್ದು ನಾವು ನಾಲ್ವರು. ಮೂರನೆಯದು ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ತಲೆಕೆಳಗು ಮಾಡಿದಳು, ತಣ್ಣೀರು ಚಿಮುಕಿಸಿದಳು, ಆಮೇಲೆ ಒಂದು ಬಿಳಿ ಬಟ್ಟೆ ಕೇಳಿದಳು. ಸಂಜೆಯಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಇದ್ದಿದ್ದರೂ ಸಾಗರದ ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆಯಾದದ್ದು 2025ರ ಜುಲೈನಲ್ಲಿ. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲವಾಯಿತೆಂದು ಪತ್ರಿಕೆಗಳು ಬರೆದವು. ಆ ದಡದ ಹೆಂಗಸರು ಅದನ್ನು ಹೆರಿಗೆಯ ಲೆಕ್ಕದಲ್ಲಿ ನೋಡಿದರು.

ಮನೆ ಹೆರಿಗೆಯ ಪರವಾಗಿ ಮಾತನಾಡುವವರು ಸೂಲಗಿತ್ತಿ ನರಸಮ್ಮನವರ ಹೆಸರು ಹೇಳದೆ ಬಿಡುವುದಿಲ್ಲ. ಹೇಳಬೇಕಾದ ಹೆಸರೇ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಈ ಅಜ್ಜಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಅವರು ಹೆರಿಗೆ ಮಾಡಿಸಿದ್ದು ಆಸ್ಪತ್ರೆಯನ್ನು ಒಲ್ಲೆನೆಂದ ಹೆಂಗಸರಿಗಲ್ಲ, ಆಸ್ಪತ್ರೆಯೇ ಇಲ್ಲದ ಹೆಂಗಸರಿಗೆ. ಅವರ ಕೈಯಲ್ಲಿ ತಾಳ್ಮೆಯಿತ್ತು, ಹೊಟ್ಟೆಯ ಮೇಲೆ ಬೆರಳಾಡಿಸಿ ಮಗುವಿನ ತಲೆ ಎಲ್ಲಿದೆಯೆಂದು ತಿಳಿಯುವ ಜಾಣ್ಮೆಯಿತ್ತು. ರಕ್ತದ ಬಾಟಲಿ ಇರಲಿಲ್ಲ. ಅಂಥವರ ಹೆಸರು ಹೇಳಿಕೊಂಡು, ವಿಡಿಯೋ ನೋಡಿ ಕಲಿತ ಗಂಡನ ಕೈಗೆ ಹೆಂಡತಿಯ ಜೀವ ಕೊಡುವುದು ನರಸಮ್ಮನವರಿಗೂ ಅವಮಾನ. 2018ರಲ್ಲೇ ತಮಿಳುನಾಡಿನ ತಿರುಪ್ಪೂರಿನಲ್ಲಿ ಹಾಗೆ ಅಂತರ್ಜಾಲ ನೋಡಿ ಮನೆಯಲ್ಲಿ ಹೆರಲು ಹೋದ ತಾಯಿಯೊಬ್ಬಳು ರಕ್ತಸ್ರಾವವಾಗಿ ಸತ್ತಳು. ಇಪ್ಪತ್ತೆಂಟು ವರ್ಷ.

ಈಗ ಅಂಕಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ನೂರು ಹೆರಿಗೆಗಳಲ್ಲಿ 38.7 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರಲ್ಲಿ ಅದು 88.6. ಕರ್ನಾಟಕದಲ್ಲಿ 97. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2004-06ರಲ್ಲಿ 213 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಆಸ್ಪತ್ರೆಯೊಂದೇ ಕಾರಣವಲ್ಲ, ರಸ್ತೆ, ಓದು, ತಡವಾದ ಮದುವೆ, 2008ರಲ್ಲಿ ಬಂದ 108 ಆಂಬ್ಯುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಸೇರಿವೆ. ಆದರೂ ನನ್ನ ಅಮ್ಮನ ಕಾಲದ ಹೆರಿಗೆ ಸಹಜವಾಗಿತ್ತು, ಸುಂದರವಾಗಿತ್ತು ಎನ್ನುವವರು ಅಮ್ಮನನ್ನೇ ಕೇಳಬೇಕು. ನಾನು ಕೇಳಿದ್ದೇನೆ. ಆ ಕೋಣೆಯ ಬಾಗಿಲು ಎತ್ತ ತೆರೆಯುತ್ತಿತ್ತು ಎನ್ನುವುದರ ಹೊರತು ಅವಳು ಬೇರೇನೂ ಹೇಳುವುದಿಲ್ಲ.

ಆಸೆಯಲ್ಲಿ ತಪ್ಪಿಲ್ಲ

ತಂಗಿಯ ಮಗಳಿಗೆ ಮನೆಯಲ್ಲಿ ಹೆರುವ ಆಸೆ ಯಾಕೆ ಹುಟ್ಟಿತೆಂದು ನನಗೆ ಗೊತ್ತು, ಯಾಕೆಂದರೆ ನನ್ನ ಚೊಚ್ಚಲು ಹೆರಿಗೆ ನೆನಪಿದೆ. ಒಂದು ಜಿಲ್ಲಾ ಕೇಂದ್ರದ ಖಾಸಗಿ ನರ್ಸಿಂಗ್ ಹೋಮ್. ಬೇನೆ ಶುರುವಾದ ಮೇಲೆ ಹದಿನಾಲ್ಕು ಗಂಟೆ ಒಬ್ಬಳೇ ಅಂಗಾತ ಮಲಗಿದ್ದೆ. ಅಮ್ಮ ಬಾಗಿಲಾಚೆ ಫ್ಲಾಸ್ಕ್ ಹಿಡಿದು ಕೂತಿದ್ದಳು. ಒಳಗೆ ಬಿಡಲಿಲ್ಲ. ಕಿರುಚಿದರೆ ಬೈಗುಳ. "ಮಾಡಿಕೊಳ್ಳುವಾಗ ಗೊತ್ತಿರಲಿಲ್ಲವೇ" ಎಂಬ ಮಾತನ್ನು ಕೇಳಿಸಿಕೊಳ್ಳದ ಬಾಣಂತಿ ನಮ್ಮ ಪೀಳಿಗೆಯಲ್ಲಿ ವಿರಳ. ಅದರ ಜೊತೆಗೆ ಸಿಸೇರಿಯನ್ ಭಯ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡ 31.5 ಸಿಸೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಗೋಡೆಯೊಂದರ ಆಚೀಚೆ ಹೆಣ್ಣಿನ ಮೈ ಬದಲಾಗುವುದಿಲ್ಲ. ಈ ಅಂತರದಲ್ಲಿ ಬಿಲ್ಲಿನ ಪಾಲೂ ಇದೆ ಎಂದು ಯಾರಿಗಾದರೂ ಅನಿಸುತ್ತದೆ.

ಸರ್ಕಾರಿ ಆಸ್ಪತ್ರೆಯೆಂದರೆ ನಿಶ್ಚಿಂತೆ ಎಂದೂ ಹೇಳಲಾಗದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತದ್ದನ್ನು, ಅವರಿಗೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಂದದ್ದನ್ನು ನಾವೆಲ್ಲ ಓದಿದೆವು. ಹಾಗಾಗಿ ಆಸ್ಪತ್ರೆಯನ್ನು ಕಣ್ಣು ಮುಚ್ಚಿ ನಂಬು ಎಂದು ನಾನು ಹೇಳುವುದಿಲ್ಲ. ಮನೆಯನ್ನು ಕಣ್ಣು ಮುಚ್ಚಿ ನಂಬಬೇಡ ಎಂದಷ್ಟೇ ಹೇಳುತ್ತೇನೆ.

ಇಂಗ್ಲೆಂಡಿನ ಮನೆ, ನಮ್ಮ ಮನೆ

ವಿಡಿಯೋಗಳಲ್ಲಿ ಕಾಣುವ ಮನೆ ಹೆರಿಗೆ ಬಹುಪಾಲು ಇಂಗ್ಲೆಂಡ್, ನೆದರ್ಲೆಂಡ್ಸ್ ದೇಶಗಳದ್ದು. ಅಲ್ಲಿನ "ಮನೆ"ಯೊಳಗೆ ಏನೇನಿದೆ ನೋಡಿ. ವರ್ಷಗಟ್ಟಲೆ ಓದಿ ನೋಂದಣಿಯಾದ ಸೂಲಗಿತ್ತಿಯರು, ಗರ್ಭಕೋಶ ಬಿಗಿಯಾಗುವ ಆಕ್ಸಿಟೋಸಿನ್ ಚುಚ್ಚುಮದ್ದು, ಮಗುವಿಗೆ ಉಸಿರು ಕೊಡುವ ಚೀಲ ಮತ್ತು ಮುಖವಾಡ, ಒಂದು ಫೋನಿಗೆ ಬರುವ ಆಂಬ್ಯುಲೆನ್ಸ್, ಬರುತ್ತಿದ್ದಾಳೆ ಎಂದು ಮೊದಲೇ ತಿಳಿದಿರುವ ಆಸ್ಪತ್ರೆ. ಆಸ್ಪತ್ರೆಯ ಅರ್ಧಭಾಗವೇ ಮನೆಗೆ ಬಂದಿರುತ್ತದೆ.

ಅಷ್ಟಿದ್ದೂ ಏನಾಯಿತು? ಇಂಗ್ಲೆಂಡಿನಲ್ಲಿ ಕಡಿಮೆ ಅಪಾಯದ ಅರವತ್ತನಾಲ್ಕು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎರಡನೆಯ, ಮೂರನೆಯ ಹೆರಿಗೆಯವರಿಗೆ ಮನೆಯಲ್ಲಿ ಮಗುವಿಗೆ ಹೆಚ್ಚಿನ ತೊಂದರೆ ಕಾಣಲಿಲ್ಲ, ತಾಯಿಗೆ ಕತ್ತರಿ (ಮಗು ಬರುವ ದಾರಿಯನ್ನು ಕೊಯ್ದು ಅಗಲ ಮಾಡುವುದು), ಸಿಸೇರಿಯನ್ ಕಡಿಮೆಯಾದವು. ಚೊಚ್ಚಲಿನವರಲ್ಲಿ ಮಾತ್ರ ಕಥೆ ಬೇರೆ: ಮಗುವಿಗೆ ಗಂಭೀರ ತೊಂದರೆಯಾದದ್ದು ಮನೆಯಲ್ಲಿ ಸಾವಿರಕ್ಕೆ 9.3, ಆಸ್ಪತ್ರೆಯಲ್ಲಿ 5.3. ಮನೆಯಲ್ಲಿ ಹೆರುತ್ತೇನೆಂದು ಹೊರಟ ಚೊಚ್ಚಲು ಬಸುರಿಯರಲ್ಲಿ ನೂರಕ್ಕೆ ನಲವತ್ತೈದು ಜನರನ್ನು ಹೆರಿಗೆಯ ನಡುವೆ ಅಥವಾ ಕೂಡಲೇ ನಂತರ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೆಚ್ಚುಕಡಿಮೆ ಅರ್ಧದಷ್ಟು. ಆ ನಲವತ್ತೈದರಲ್ಲಿ ಒಬ್ಬಳು ನೀನಾದರೆ, ಶುಕ್ರವಾರ ಸಂಜೆ ಆರು ಗಂಟೆಗೆ ನಿನ್ನ ಬಡಾವಣೆಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ತಂಗಿಯ ಮಗಳನ್ನು ಕೇಳಿದೆ. ಬೆಂಗಳೂರಿನವರಿಗೆ ಈ ಪ್ರಶ್ನೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೆರಿಗೆಯಲ್ಲಿ ಕಾಲ ಹೇಗೆ ಓಡುತ್ತದೆ ಎಂಬುದನ್ನು ತಿಳಿದುಕೊಂಡರೆ ದೂರದ ಅರ್ಥ ಹೊಳೆಯುತ್ತದೆ. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದಕ್ಕೆ ಮೊದಲ ಉಸಿರಿಗೆ ಏನಾದರೊಂದು ನೆರವು ಬೇಕು. ನೂರರಲ್ಲಿ ಒಂದಕ್ಕೆ ದೊಡ್ಡ ನೆರವೇ ಬೇಕು. ಆ ನೆರವು ಮೊದಲ ನಿಮಿಷದಲ್ಲಿ ಶುರುವಾಗಬೇಕು. ಮಕ್ಕಳ ವೈದ್ಯರು ಅದನ್ನು ಚಿನ್ನದ ನಿಮಿಷ ಎನ್ನುತ್ತಾರೆ. ಅಮ್ಮನ ಮೂರನೆಯ ಮಗುವಿಗೆ ಬೇಕಿದ್ದದ್ದು ಬೆನ್ನಿನ ಮೇಲೆ ತಟ್ಟುವುದಲ್ಲ, ಒಂದು ರಬ್ಬರ್ ಚೀಲ ಮತ್ತು ಅದನ್ನು ಒತ್ತಲು ಕಲಿತ ಕೈ ಇದ್ದಿರಬಹುದು. ಇನ್ನು ತಾಯಿಯದ್ದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡದಿದ್ದರೆ ಆ ನಲ್ಲಿ ತೆರೆದೇ ಇರುತ್ತದೆ. ಚಿಕಿತ್ಸೆಯಿಲ್ಲದೆ ಸಾವಿಗೆ ಸಿಗುವುದು ಸರಾಸರಿ ಎರಡು ಗಂಟೆ ಎಂದು ದಾದಿಯರಿಗೆ ಕಲಿಸುತ್ತಾರೆ. ನಮ್ಮ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ; ಅವರಿಗೆ ಅಷ್ಟೂ ಸಿಗುವುದಿಲ್ಲ. ಇದು ಯಾರಿಗೆ ಆಗುತ್ತದೆಂದು ಮೊದಲೇ ಹೇಳುವಂತಿಲ್ಲ. ಎಲ್ಲ ಸ್ಕ್ಯಾನಿಂಗ್ ಸರಿಯಿದ್ದವಳಿಗೂ ಆಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಚೊಚ್ಚಲು, ಹಿಂದಿನ ಸಿಸೇರಿಯನ್, ಅವಳಿ, ಅಡ್ಡ ಅಥವಾ ಕಾಲು ಮುಂದಾದ ಮಗು, ಕೆಳಗಿರುವ ಮಾಸು, ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ, ದಿನ ತುಂಬದ ಬೇನೆ, ಇವುಗಳಲ್ಲಿ ಒಂದಿದ್ದರೂ ಮನೆಯ ಮಾತೇ ಬೇಡ. ಇವು ಯಾವುವೂ ಇಲ್ಲದ ಎರಡನೆಯ ಬಸುರಿಗೆ ಇಂಗ್ಲೆಂಡಿನಲ್ಲಿ ಮನೆ ಒಂದು ನಿಜವಾದ ಆಯ್ಕೆ. ಇಲ್ಲಿ ಆ ಏರ್ಪಾಡು ಇಲ್ಲದಿರುವ ತನಕ ಅಲ್ಲ.

ಹಾಗಾದರೆ ಆಯ್ಕೆ ಇರುವುದು ಎಲ್ಲಿ

ಆಸ್ಪತ್ರೆ ಮತ್ತು ಆಸ್ಪತ್ರೆಯ ನಡುವೆ. ಇದರ ಬಗ್ಗೆ ನಮ್ಮ ಮನೆಗಳಲ್ಲಿ ಚರ್ಚೆಯೇ ಆಗುವುದಿಲ್ಲ. ತವರಿಗೆ ಹತ್ತಿರವಾದದ್ದು ಅಥವಾ ಅತ್ತಿಗೆ ಹೆತ್ತದ್ದು ಯಾವುದೋ ಅದೇ. ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರ, ಗದ್ದಲವಿಲ್ಲ, ದಾದಿ ಪರಿಚಯದವಳು. ಸಹಜ ಹೆರಿಗೆ ಅಲ್ಲಿ ನೆಮ್ಮದಿಯಾಗಿ ಆಗಬಹುದು, ಆದರೆ ರಕ್ತವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ಇರಬೇಕು; ರಾತ್ರಿ ಹೊತ್ತು ಅರಿವಳಿಕೆ ತಜ್ಞರು ಇರುತ್ತಾರೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಆ ಕಟ್ಟಡ ರಾತ್ರಿಯ ಮಟ್ಟಿಗೆ ಆರೋಗ್ಯ ಕೇಂದ್ರವೇ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಲ್ಲಿ ಜನಜಂಗುಳಿ, ಒಂದು ಹಾಸಿಗೆಯ ಬದಿಯಲ್ಲಿ ಇನ್ನೊಂದು, ಆದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಅದೇ ಆವರಣದಲ್ಲಿರುತ್ತದೆ. ದಿನ ತುಂಬದ ಮಗು ಬರುವ ಸೂಚನೆಯಿದ್ದರೆ ಜಂಗುಳಿಯನ್ನು ಸಹಿಸಿಕೊಳ್ಳಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲ ಉಚಿತ. ಕೈ ಒಡ್ಡುವವರಿಗೆ ಕೊಡಬೇಕಿಲ್ಲ.

ಖಾಸಗಿಯಲ್ಲಿ ಹೋಗುವುದಾದರೆ ಎಂಟನೇ ತಿಂಗಳಿನಲ್ಲೇ, ಬೇನೆ ಇಲ್ಲದಾಗ, ನಾಲ್ಕು ಪ್ರಶ್ನೆ ಕೇಳಿ ಎಂದು ತಂಗಿಯ ಮಗಳಿಗೆ ಬರೆದುಕೊಟ್ಟೆ. ಹೆರಿಗೆ ಕೋಣೆಯಲ್ಲಿ ನನ್ನ ಜೊತೆ ಒಬ್ಬರು ಇರಬಹುದೇ? ಬೇನೆ ತಿನ್ನುವಾಗ ನಡೆದಾಡಬಹುದೇ, ಕುಳಿತು ಅಥವಾ ಮಗ್ಗುಲಾಗಿ ಹೆರಬಹುದೇ? ಕತ್ತರಿ ಹಾಕುವುದು ಎಲ್ಲರಿಗೂ ವಾಡಿಕೆಯೋ ಬೇಕಾದವರಿಗೆ ಮಾತ್ರವೋ? ಕಳೆದ ವರ್ಷ ನೂರರಲ್ಲಿ ಎಷ್ಟು ಸಿಸೇರಿಯನ್? ಇವು ದುಬಾರಿ ಹೆಣ್ಣಿನ ಬಯಕೆಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲೇ ಜೊತೆಗಾತಿ ಇರಲಿ, ಓಡಾಟ ಇರಲಿ, ವಾಡಿಕೆಯ ಕತ್ತರಿ ಬೇಡ ಎಂದಿದೆ. ನಾಲ್ಕನೆಯ ಪ್ರಶ್ನೆಗೆ ವೈದ್ಯರ ಮುಖ ಹೇಗಾಗುತ್ತದೆ ಎಂಬುದೂ ಒಂದು ಉತ್ತರ.

ಇನ್ನೊಂದು ದಾರಿಯೂ ಮೆಲ್ಲಗೆ ತೆರೆಯುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದು, ದಾದಿಯರಿಗೆ ವಿಶೇಷ ತರಬೇತಿ ಕೊಟ್ಟು, ಆಸ್ಪತ್ರೆಯ ಒಳಗೇ ಅವರು ನಡೆಸುವ ಹೆರಿಗೆ ಘಟಕಗಳನ್ನು ತೆರೆಯುವ ಯೋಜನೆ ಹಾಕಿತು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಅದಕ್ಕೂ ಮುಂಚೆ, 2011ರಲ್ಲೇ, ಇಂಥ ತರಬೇತಿ ಶುರು ಮಾಡಿತ್ತು. ಮನೆಯ ಮಮತೆ ಈ ಗೋಡೆಯೊಳಗೆ, ಶಸ್ತ್ರಚಿಕಿತ್ಸೆಯ ಕೋಣೆ ಪಕ್ಕದ ಗೋಡೆಯಾಚೆ. ನನ್ನ ಕೋಲಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗದು. ಬೆಂಗಳೂರಿನಲ್ಲಿ ಸಹಜ ಹೆರಿಗೆ ಕೇಂದ್ರಗಳೆಂದು ಕರೆದುಕೊಳ್ಳುವವರೂ ಇದ್ದಾರೆ. ಹೋಗಿ ನೋಡಿ, ಆದರೆ ನೀರಿನ ತೊಟ್ಟಿ, ಮಂದ ದೀಪ, ಸಂಗೀತ ನೋಡಿ ಮರುಳಾಗುವ ಮೊದಲು ಸಿಸೇರಿಯನ್ ಬೇಕಾದರೆ ಎಲ್ಲಿಗೆ ಸಾಗಿಸುತ್ತೀರಿ, ಎಷ್ಟು ನಿಮಿಷ ಎಂದು ಕೇಳಿ.

ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆಗಿಯೇ ಹೋದರೆ, ಮಲೆನಾಡಿನ ಮಳೆಗಾಲದಲ್ಲಿ ಆಗುತ್ತದೆ, ಮಗುವನ್ನು ಒರೆಸಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, 108ಕ್ಕೆ ಕರೆ ಮಾಡಿ. ಹೊಕ್ಕುಳಬಳ್ಳಿ ಎಳೆಯಬೇಡಿ. ಸೆಗಣಿ, ಬೂದಿ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಎಲ್ಲ ಚೆನ್ನಾಗಿದೆ ಎಂದು ಕಂಡರೂ ಆಸ್ಪತ್ರೆಗೆ ಹೋಗಿ: ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ, ವಿಟಮಿನ್ ಕೆ ಚುಚ್ಚುಮದ್ದು, ತಾಯಿಯ ಪರೀಕ್ಷೆ. ಜನನ ನೋಂದಣಿಯನ್ನು 21 ದಿನದೊಳಗೆ ಮನೆಯವರೇ ಮಾಡಿಸಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಆ ಪತ್ರವೇ ಆಧಾರ.

ಇನ್ನು ನಿದ್ದೆ

ಇಲ್ಲಿ ನಾನು ಹಿರಿಯರ ಕಡೆ ಅರ್ಧ, ವೈದ್ಯರ ಕಡೆ ಅರ್ಧ.

ಮೊದಲು ಜಗಳವಿಲ್ಲದ ಮಾತು: ಮಗು ಅಂಗಾತ ಮಲಗಬೇಕು. ಬೋರಲಲ್ಲ, ಮಗ್ಗುಲಾಗಿಯೂ ಅಲ್ಲ. ಅಮೆರಿಕದಲ್ಲಿ 1994ರಲ್ಲಿ ಇದನ್ನು ಮನೆಮನೆಗೆ ಹೇಳುವ ಆಂದೋಲನ ಶುರುವಾಯಿತು, ಕೆಲವೇ ವರ್ಷಗಳಲ್ಲಿ ತೊಟ್ಟಿಲಲ್ಲಿ ಕಾರಣ ತಿಳಿಯದೆ ಸಾಯುವ ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಒಂದು ಔಷಧಿಯಿಲ್ಲ, ಯಂತ್ರವಿಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದಷ್ಟೇ. "ಅಂಗಾತ ಮಲಗಿದರೆ ಹಾಲು ಕಕ್ಕಿ ನೆತ್ತಿಗೇರುತ್ತದೆ" ಎಂದು ಎಲ್ಲ ಅಜ್ಜಿಯರೂ ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಕೆಳಗಿನದಕ್ಕೇ ಜಾರುತ್ತದೆ. ಬೋರಲಾದರೆ ಇದು ತಲೆಕೆಳಗಾಗುತ್ತದೆ. ಅಂಗಾತ ಮಲಗಿ ತಲೆ ಚಪ್ಪಟೆಯಾಗುವ ಚಿಂತೆಯಿದ್ದರೆ, ಎಚ್ಚರವಿದ್ದಾಗ ನಮ್ಮ ಕಣ್ಣೆದುರು ದಿನಕ್ಕೆ ನಾಲ್ಕಾರು ಬಾರಿ ಬೋರಲು ಹಾಕಬೇಕು. ರಾಗಿ ದಿಂಬು, ಸಾಸಿವೆ ದಿಂಬು ಬೇಡ. ವರ್ಷ ತುಂಬುವ ತನಕ ಮಗುವಿಗೆ ದಿಂಬೇ ಬೇಡ.

ಈಗ ಎಲ್ಲಿ ಎಂಬ ಪ್ರಶ್ನೆ.

ಬೇರೆ ಕೋಣೆಯನ್ನು ಬೇಗ ಮುಗಿಸುತ್ತೇನೆ. ಮೊದಲ ಆರು ತಿಂಗಳಾದರೂ ಮಗು ತಂದೆತಾಯಿಯ ಕೋಣೆಯಲ್ಲೇ, ಆದರೆ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಲಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ 2022ರ ಸಲಹೆ. ಅಂದರೆ ಬೇರೆ ಕೋಣೆಯ ಫ್ಯಾಷನ್ ಯಾವ ದೇಶದಿಂದ ಬಂತೋ ಆ ದೇಶದ ವೈದ್ಯರೇ ಬೇಡ ಎನ್ನುತ್ತಿದ್ದಾರೆ. ರಾತ್ರಿ ಮೂರು ಸಲ ಎದ್ದು ಹಾಲೂಡಿಸುವವಳಿಗೆ ಗೋಡೆಯೊಂದು ಅಡ್ಡ ಬಂದರೆ ಏನು ಸುಖ? ಬಣ್ಣ ಬಳಿದ ಕೋಣೆ ಎರಡು ವರ್ಷ ಬಟ್ಟೆ ಒಣಗಿಸಲು ಆಗುತ್ತದೆ.

ಮಗ್ಗುಲಿನ ವಿಷಯ ಅಷ್ಟು ಸುಲಭವಲ್ಲ. ಅಮೆರಿಕದ ಸಂಘ ಒಂದೇ ಹಾಸಿಗೆ ಬೇಡವೆನ್ನುತ್ತದೆ. ಬ್ರಿಟನ್ನಿನಲ್ಲಿ, ತಾಯಂದಿರು ಹೇಗೂ ಜೊತೆಗೆ ಮಲಗುತ್ತಾರೆ, ಹಾಗಾಗಿ ಯಾವಾಗ ಖಂಡಿತ ಬೇಡ ಎಂಬುದನ್ನು ಬಿಡಿಸಿ ಹೇಳೋಣ ಎಂಬ ಧೋರಣೆ. ನನಗೆ ಬ್ರಿಟನ್ನಿನ ದಾರಿ ನಮ್ಮ ಮನೆಗಳಿಗೆ ಹೊಂದುತ್ತದೆ ಎನಿಸುತ್ತದೆ. ಯಾಕೆಂದರೆ ನಮ್ಮಲ್ಲಿ ಬಾಣಂತಿ ಮಗುವಿನೊಡನೆ ಮಲಗುವುದು ಒಂದು ಆಯ್ಕೆಯೆಂದು ಯಾರೂ ಭಾವಿಸಿಯೇ ಇಲ್ಲ, ಅದು ಹಾಗೆಯೇ. ಬೇಡ ಎಂದರೆ ತಲೆಯಾಡಿಸಿ, ಮನೆಗೆ ಹೋಗಿ ಮಗ್ಗುಲಲ್ಲೇ ಮಲಗಿಸುತ್ತಾರೆ, ಎಚ್ಚರಿಕೆಯ ಮಾತೊಂದೂ ಕಿವಿಗೆ ಬಿದ್ದಿರುವುದಿಲ್ಲ.

ಖಂಡಿತ ಬೇಡವಾದದ್ದು ಯಾವಾಗ? ಮಗು 37 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ್ದರೆ. ಹಾಸಿಗೆಯಲ್ಲಿ ಮಲಗುವ ಯಾರಾದರೂ ಬೀಡಿ ಸಿಗರೇಟು ಸೇದುವವರಿದ್ದರೆ, ಹೊರಗೆ ಸೇದಿ ಬಂದರೂ. ಕುಡಿದಿದ್ದರೆ. ನಿದ್ದೆ ತರುವ ಮಾತ್ರೆ, ಸಿಸೇರಿಯನ್ ನಂತರದ ಬಲವಾದ ನೋವಿನ ಮಾತ್ರೆ, ಕೆಮ್ಮಿನ ಔಷಧಿ ನುಂಗಿದ್ದರೆ. ಮಗುವಿನ ಪಕ್ಕದಲ್ಲಿ ನಾಲ್ಕು ವರ್ಷದ ಅಣ್ಣ ಮಲಗುವುದಾದರೆ. ಅಣ್ಣ ಬೇಕಾದರೆ ಅಮ್ಮನ ಆ ಕಡೆ ಮಲಗಲಿ. ಸೋಫಾದಲ್ಲಿ ಮಗುವನ್ನು ಎದೆಗೊರಗಿಸಿಕೊಂಡು ತೂಕಡಿಸುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಸಂದಿಯೊಳಗೆ ಮುಖ ಸಿಕ್ಕಿಕೊಳ್ಳುತ್ತದೆ. ನಿದ್ದೆ ಬರುವ ಸೂಚನೆಯಿದ್ದರೆ ಸೋಫಾಕ್ಕಿಂತ ಹಾಸಿಗೆ ವಾಸಿ ಎಂದು ಅಮೆರಿಕದವರೂ ಒಪ್ಪುತ್ತಾರೆ.

ಇವು ಯಾವುವೂ ಇಲ್ಲ, ಎದೆಹಾಲು ಕುಡಿಸುವ ತಾಯಿ, ದಿನ ತುಂಬಿ ಹುಟ್ಟಿದ ಗಟ್ಟಿ ಮಗು ಎಂದಾದರೆ, ಹಾಸಿಗೆ ಯಾವುದು ಎನ್ನುವುದು ಮುಖ್ಯ. ನಮ್ಮ ಹಳೆಯ ಏರ್ಪಾಡು ಇಲ್ಲಿ ಹೊಸದನ್ನು ಸೋಲಿಸುತ್ತದೆ. ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಹೊಲಿದ ಕೌದಿ: ಗಟ್ಟಿ, ಸಮತಟ್ಟು, ಬೀಳಲು ಎತ್ತರವಿಲ್ಲ, ಗೋಡೆ ಮಂಚಗಳ ನಡುವಿನ ಸಂದಿಯಿಲ್ಲ. ಅಂಗೈ ಊರಿ ತೆಗೆದರೆ ಗುಳಿ ಉಳಿಯಬಾರದು. ಒಂದು ಅಡಿ ದಪ್ಪದ ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಅಮ್ಮನ ಭಾರಕ್ಕೆ ಮಗು ಅವಳ ಕಡೆಗೆ ಉರುಳುತ್ತದೆ. ರಗ್ಗು, ದಿಂಬು ಅಮ್ಮನ ಸೊಂಟದಿಂದ ಕೆಳಗಿರಲಿ. ಜಡೆ ಬಿಗಿದು ಕಟ್ಟಿರಲಿ. ತಾಳಿ ಸರ ಬಿಚ್ಚಲು ಮನಸ್ಸು ಒಪ್ಪದಿದ್ದರೆ ರವಿಕೆಯೊಳಗೆ ಸೇರಿಸಿಕೊಳ್ಳಿ.

ಅದಕ್ಕಿಂತಲೂ ಒಂದು ಹೆಜ್ಜೆ ಒಳ್ಳೆಯದು, ಅಮ್ಮನ ಚಾಪೆಗೆ ತಾಗಿ ಮಗುವಿನದೇ ಒಂದು ಪುಟ್ಟ ಚಾಪೆ. ಕೈ ಚಾಚಿದರೆ ಎದೆ ಮುಟ್ಟುವಷ್ಟು, ಹೊರಳಿದರೆ ಮೈ ತಾಗದಷ್ಟು. ಒಂದು ಮೊಳ. ನನ್ನ ಎರಡನೆಯ ಮಗ ಬೆಳೆದದ್ದು ಹೀಗೆ, ಮತ್ತು ಅದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ತೊಟ್ಟಿಲು, ಜೋಳಿಗೆ

ಧಾರವಾಡದ ಕಡೆಯವರಿಗೆ ಕಲಘಟಗಿಯ ತೊಟ್ಟಿಲೆಂದರೆ ಪ್ರಾಣ. ಅರಗಿನ ಬಣ್ಣ, ಮರದ ಮೇಲೆ ದೇವರ ಚಿತ್ರಗಳು, ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಯಿಸುವ ಆಸ್ತಿ. ಮರದ ತೊಟ್ಟಿಲಿನ ತಳ ಸಮತಟ್ಟಾಗಿದ್ದರೆ ಅದು ಒಳ್ಳೆಯ ಹಾಸಿಗೆಯೇ. ನೋಡಬೇಕಾದದ್ದು ಕೆಲವು: ಕಂಬಿಗಳ ನಡುವಿನ ಅಂತರ ಆರು ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಸರಪಳಿಯ ಕೊಂಡಿ ಸವೆದಿರಬಾರದು, ಹಾಸಿಗೆಗೂ ಅಂಚಿಗೂ ನಡುವೆ ಎರಡು ಬೆರಳು ತೂರಬಾರದು. ತೂಗಿ ನಿದ್ದೆ ಬಂದ ಮೇಲೆ ತೊಟ್ಟಿಲು ನೆಟ್ಟಗೆ ನಿಲ್ಲಲಿ. ಮಗು ಹೊರಳಲು, ಕೈಯೂರಿ ಏಳಲು ಶುರು ಮಾಡಿದ ದಿನ ತೊಟ್ಟಿಲಿನ ಕಾಲ ಮುಗಿಯಿತು. ದೃಷ್ಟಿಗೆಂದು ಕಬ್ಬಿಣದ ತುಂಡೋ ಕತ್ತಿಯೋ ಇಡುವ ರೂಢಿಯಿದ್ದರೆ ತೊಟ್ಟಿಲ ಕೆಳಗೆ ನೆಲದ ಮೇಲಿಡಿ, ದೃಷ್ಟಿ ಅಲ್ಲಿಗೂ ಹೆದರುತ್ತದೆ. ಕುತ್ತಿಗೆಯ ಕಪ್ಪು ದಾರ ಸೊಂಟಕ್ಕೆ ಇಳಿಯಲಿ.

ಸೀರೆಯ ಜೋಳಿಗೆ ಬೇರೆ ಮಾತು. ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಿಗೆ ಮರದ ಕೊಂಬೆಗೆ ಕಟ್ಟಿದ ಹಳೆ ಸೀರೆಗಿಂತ ದೊಡ್ಡ ಆಸರೆ ಇಲ್ಲ. ಹಾವು ಚೇಳಿನಿಂದ, ಬಿಸಿ ನೆಲದಿಂದ ಅದು ಕಾಯುತ್ತದೆ. ಅವಳಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಆದರೆ ಮಂಚ, ಚಾಪೆ ಎರಡೂ ಇರುವ ಮನೆಯಲ್ಲಿ ರಾತ್ರಿಯಿಡೀ ಜೋಳಿಗೆ ಬೇಡ. ಬಟ್ಟೆಯ ಗುಳಿಯಲ್ಲಿ ಎಳೆಗೂಸಿನ ಗದ್ದ ಎದೆಗೆ ಒತ್ತಿಕೊಳ್ಳುತ್ತದೆ, ಜೊಂಡಿನಷ್ಟು ಸಪೂರ ಶ್ವಾಸನಾಳ ಮಡಚುತ್ತದೆ, ಅಳಲೂ ಆಗುವುದಿಲ್ಲ. ಹಗಲು ಕಣ್ಣೆದುರು ಅರ್ಧ ಗಂಟೆ ತೂಗಿ, ನಿದ್ದೆ ಹತ್ತಿದ ಮೇಲೆ ಎತ್ತಿ ಚಾಪೆಗೆ ಮಲಗಿಸಿ. ದೊಡ್ಡ ಮಕ್ಕಳು ಖಾಲಿ ಜೋಳಿಗೆಯಲ್ಲಿ ಆಡಿ ಸೀರೆ ಕುತ್ತಿಗೆಗೆ ಸುತ್ತಿಕೊಂಡ ಸುದ್ದಿ ಆಗಾಗ ಬರುತ್ತದೆ. ಖಾಲಿ ತೊಟ್ಟಿಲು ತೂಗಬಾರದು ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಬಳಸಿದ ಮೇಲೆ ಬಿಚ್ಚಿಡಿ.

ಅಂಗಡಿಯ ಸಾಮಾನು: ಓರೆಯಾಗಿ ಮಲಗಿಸುವ ಆಸನಗಳು, ತೊಟ್ಟಿಲ ಅಂಚಿಗೆ ಕಟ್ಟುವ ಮೆತ್ತೆಗಳು. ಅಮೆರಿಕ 2022ರಲ್ಲಿ ಕಾನೂನು ತಂದು ಎರಡನ್ನೂ ನಿಷೇಧಿಸಿತು. ನಮ್ಮಲ್ಲಿ ದಿಂಬು, ಮೆತ್ತೆ, ರಜಾಯಿ ಸೇರಿದ "ಮಗುವಿನ ಹಾಸಿಗೆ ಸೆಟ್" ಎಂದು ಉಡುಗೊರೆ ಬರುತ್ತದೆ. ಒಂದು ಕಡೆ ಅಪಾಯ ಮಾರಿ, ಇನ್ನೊಂದು ಕಡೆ ಉಸಿರು ಎಣಿಸುವ ಯಂತ್ರ ಮಾರುವುದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆ.

ಕೊನೆಗೆ ಬಾಣಂತಿ ಕೋಣೆ. ಮಲೆನಾಡಿನ ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಗಾಳಿ ಸೋಕಬಾರದೆಂದು ಕಿಟಕಿ ಬಾಗಿಲು ಮುಚ್ಚಿ ಮಲಗುವುದು ಹಾಸಿಗೆಯ ಯಾವ ತಪ್ಪಿಗಿಂತಲೂ ದೊಡ್ಡದು. ಮುಚ್ಚಿದ ಕೋಣೆಯ ಕೆಂಡ ಇಂಗಾಲದ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸಾಂಬ್ರಾಣಿ ಹಾಕಲೇಬೇಕೆಂದರೆ ಸ್ನಾನದ ನಂತರ ಕಿಟಕಿ ತೆರೆದು ಒಂದು ನಿಮಿಷ, ಮಗುವಿನ ಮುಖಕ್ಕಲ್ಲ. ಸೊಳ್ಳೆ ಬತ್ತಿ ಬದಲಿಗೆ ಪರದೆ. ಬೆಚ್ಚಗಿಡಲು ಹತ್ತಿಯ ಎರಡು ಪದರ ಅಂಗಿ ಸಾಕು. ಎದೆ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿರುವುದು ಲೆಕ್ಕಕ್ಕಿಲ್ಲ. ಬಟ್ಟೆ ಸುತ್ತುವುದಾದರೆ ಕಾಲು ನೆಟ್ಟಗೆ ಎಳೆದು ಬಿಗಿಯಬೇಡಿ, ಸೊಂಟದ ಕೀಲು ಜಾರುತ್ತದೆ. ಹೊರಳಲು ಕಲಿತ ಮೇಲೆ ಸುತ್ತುವುದೇ ಬೇಡ.

ತಂಗಿಯ ಇನ್ನೊಬ್ಬ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ತಂಗಿ ಹೋದಾಗ ಪೆಟ್ಟಿಗೆಯಲ್ಲಿ ರಾಗಿ ದಿಂಬು ಒಯ್ದಿದ್ದಳು, ತಾನೇ ಹೊಲಿದದ್ದು, ಎರಡು ಕಿಲೋ ಭಾರ. ಮೊದಲ ಭೇಟಿಯಲ್ಲೇ ಅಲ್ಲಿನ ಮಕ್ಕಳ ವೈದ್ಯೆ ಮಗು ಎಲ್ಲಿ ಮಲಗುತ್ತದೆ ಎಂದು ಕೇಳಿ, ದಿಂಬಿನ ವಿಷಯ ಬಂದ ಕೂಡಲೇ ಬೇಡವೆಂದಳಂತೆ. ತಂಗಿಗೆ ಎರಡು ದಿನ ಮುನಿಸು. ಮೂರನೆಯ ದಿನ ರಾತ್ರಿ ಮಗಳು ಹಾಲೂಡಿಸುತ್ತ ಕೈ ಸೋತು ಕೂತಿದ್ದನ್ನು ನೋಡಿ, ದಿಂಬನ್ನು ಅವಳ ಮೊಣಕೈ ಕೆಳಗೆ ತೂರಿಸಿದಳು. ಈಗ ಅದು ಬೆಂಗಳೂರಿಗೆ ವಾಪಸು ಬಂದಿದೆ, ಕಿರಿಯವಳ ಮೊಣಕೈಗೆ.